ಫಸ್ಟ್ ಪಿಯುಸಿ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವವರಿಗೆ ಒಂದು ಬಹಿರಂಗ ಪತ್ರ



ಜೂನ್ ಬಂತೆಂದರೆ ನಿಮ್ಮ ಮನೆಯ ಹಜಾರ, ಮಹಡಿ ಮೇಲಿನ ಕೋಣೆ, ಕಾರು ನಿಲ್ಲಿಸುವ ಜಾಗ ಎಲ್ಲವೂ ಪಾಠಶಾಲೆಯಾಗುತ್ತವೆ. ಸಂಜೆ ಐದೂವರೆಗೆ ಗೇಟಿನ ಮುಂದೆ ಸೈಕಲ್ಲುಗಳು ಬಂದು ನಿಲ್ಲುತ್ತವೆ. ನಿಮ್ಮಲ್ಲಿ ಕೆಲವರು ಇನ್ನೂ ಬಿ.ಎಸ್ಸಿ. ಅಥವಾ ಬಿ.ಇ. ಓದುತ್ತಿದ್ದೀರಿ. ಕೆಲವರು ಬಿ.ಎಡ್. ಮುಗಿಸಿ ನೇಮಕಾತಿಗೆ ಕಾಯುತ್ತಿದ್ದೀರಿ. ಎಂ.ಎಸ್ಸಿ.ಯಲ್ಲಿ ಕಲಿತದ್ದು ಮನೆಗೆಲಸದ ನಡುವೆ ಮರೆತುಹೋಗಬಾರದೆಂದು ಬೋರ್ಡು ಹಾಕಿಕೊಂಡವರೂ ಇದ್ದೀರಿ. ನಿಮಗೊಂದು ಸಂಘವಿಲ್ಲ, ತರಬೇತಿ ಕೊಡುವವರಿಲ್ಲ, ಪಾಠ ಹೇಗಾಯಿತೆಂದು ಕೇಳುವವರೂ ಇಲ್ಲ. ಆದರೂ ಹದಿನಾರರ ಒಂದು ಮಗು ಗಣಿತವನ್ನು ಹಿಡಿಯುತ್ತದೋ ಬಿಡುತ್ತದೋ ಎಂಬುದು ಎಷ್ಟೋ ಸಲ ನಿಮ್ಮ ಆ ಒಂದು ಗಂಟೆಯಲ್ಲೇ ತೀರ್ಮಾನವಾಗುತ್ತದೆ. ನಾನೂ ಬಹುಕಾಲ ಇದೇ ಕೆಲಸ ಮಾಡಿದವಳು. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ಪಡೆದು ಬಂದ ಮಗು ಪಿಯುಸಿ ಸೇರಿದ ಎರಡೇ ತಿಂಗಳಲ್ಲಿ ‘ನನಗೆ ಮ್ಯಾಥ್ಸ್ ಆಗಲ್ಲ ಮಿಸ್’ ಅನ್ನುವುದನ್ನು ನೀವೂ ಕೇಳಿರುತ್ತೀರಿ. ಅಷ್ಟರಲ್ಲಿ ಕಾಲೇಜಿನಲ್ಲಿ ಆಗಿರುವುದಾದರೂ ಏನು? ಸೆಟ್ಸ್, ರಿಲೇಷನ್ಸ್ ಅಂಡ್ ಫಂಕ್ಷನ್ಸ್, ಟ್ರಿಗ್ನಾಮೆಟ್ರಿಕ್ ಫಂಕ್ಷನ್ಸ್: ಪುಸ್ತಕದ ಮೊದಲ ಮೂರು ಅಧ್ಯಾಯ. ಮಗು ಮುಗ್ಗರಿಸುವುದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಆ ಎರಡನ್ನೂ ನಾವು ಬೇರೆ ಬೇರೆ ಪಾಠವಾಗಿ ಹೇಳುತ್ತಿದ್ದೇವೆ ಎಂಬುದೇ ನನ್ನ ತಕರಾರು. ಫಂಕ್ಷನ್ ಎಂದರೆ ಒಂದಿಷ್ಟು ವ್ಯಾಖ್ಯೆಗಳು, ಬಾಣದ ಚಿತ್ರಗಳು, ಡೊಮೇನ್, ರೇಂಜ್, ಅದು ಮುಗಿಯಿತು. ಆಮೇಲೆ ತ್ರಿಕೋನಮಿತಿ ಎಂದರೆ ಎರಡು ಪುಟ ಸೂತ್ರ, ಉರು ಹೊಡಿ. ಮೂರನೆಯ ಅಧ್ಯಾಯದ ಹೆಸರಿನಲ್ಲೇ ಫಂಕ್ಷನ್ ಇದ್ದರೂ ಮಗುವಿಗೆ ಅದು ಕಾಣುವುದಿಲ್ಲ. ಏಕೆಂದರೆ ನಾವು ತೋರಿಸಿಲ್ಲ.

ಮಗು ಹತ್ತನೇ ತರಗತಿಯಿಂದ ಏನನ್ನು ತಂದಿದೆ ಎಂದು ಮೊದಲು ನೋಡಿ. ಅದಕ್ಕೆ ಲಂಬಕೋನ ತ್ರಿಭುಜ ಗೊತ್ತು. ಸೈನ್ ಎಂದರೆ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತದೆ. 30, 45, 60ರ ಕೋಷ್ಟಕ ಬಾಯಿಪಾಠ. ಉನ್ನತ ಕೋನ, ಅವನತ ಕೋನ, ಗೋಪುರ, ದೀಪಸ್ತಂಭ, ದೋಣಿ ಎಲ್ಲ ಲೆಕ್ಕವನ್ನೂ ಮಾಡಿದೆ. ಆದರೆ ಒಂದು ಪ್ರಶ್ನೆಯನ್ನು ಬಹುಪಾಲು ಮಕ್ಕಳಿಗೆ ಯಾರೂ ಕೇಳಿರುವುದಿಲ್ಲ: 30 ಡಿಗ್ರಿ ಇರುವ ಲಂಬಕೋನ ತ್ರಿಭುಜವನ್ನು ನೀನು ನಿನ್ನ ನೋಟ್‌ಬುಕ್ಕಿನಲ್ಲಿ ಚಿಕ್ಕದಾಗಿ ಬರೆದೆ, ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ, ಇಬ್ಬರಿಗೂ ಅರ್ಧವೇ ಯಾಕೆ ಬಂತು? ನಿಮ್ಮ ಮೊದಲ ತರಗತಿಯಲ್ಲಿ ಈ ಪ್ರಶ್ನೆಯನ್ನು ಇಟ್ಟು ಸುಮ್ಮನಿರಿ. ಸ್ವಲ್ಪ ಹೊತ್ತಿಗೆ ಯಾರಾದರೂ ‘ಸಮರೂಪ ತ್ರಿಭುಜ’ ಎನ್ನುತ್ತಾರೆ. ಅಷ್ಟು ಸಾಕು. ತ್ರಿಭುಜದ ಗಾತ್ರ ಯಾವುದೇ ಇರಲಿ, ಕೋನ ಒಂದನ್ನು ಕೊಟ್ಟರೆ ಅನುಪಾತ ಒಂದೇ ಒಂದು. ಕೋನ ಒಳಗೆ, ಸಂಖ್ಯೆ ಹೊರಗೆ. ಅಂದರೆ ಮಗು ಎಸ್ಸೆಸ್ಸೆಲ್ಸಿಯಲ್ಲೇ ಒಂದು ಫಂಕ್ಷನ್ನನ್ನು ಕಲಿತು ಬಂದಿದೆ, ಹೆಸರು ಹೇಳದೆ. ಇದನ್ನು ತಿಳಿದಾಗ ಮಗುವಿನ ಮುಖ ನೋಡಬೇಕು. ಹೊಸ ಅಧ್ಯಾಯ ಅದಕ್ಕೆ ಆಮೇಲೆ ಪೂರ್ತಿ ಹೊಸದಲ್ಲ.

ಫಂಕ್ಷನ್ ಪಾಠವನ್ನು ವ್ಯಾಖ್ಯೆಯಿಂದ ಆರಂಭಿಸಬೇಡಿ. ಬೆಂಗಳೂರಿನ ಆಟೋ ಮೀಟರಿನಿಂದ ಆರಂಭಿಸಿ. 2025ರ ಆಗಸ್ಟ್ 1ರಿಂದ ಅಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಕಾಯುವ ಶುಲ್ಕ, ರಾತ್ರಿಯ ದರ ಬಿಡಿ. 5 ಕಿಲೋಮೀಟರಿಗೆ ಎಷ್ಟು? 90. ಒಂದೇ ದೂರಕ್ಕೆ ಮೀಟರು ಎರಡು ಬೇರೆ ದರ ತೋರಿಸಬಹುದೇ? ತೋರಿಸಿದರೆ ಜಗಳವಾಗುತ್ತದೆ. ಅದು ತೋರಿಸುವುದಿಲ್ಲ, ಅದಕ್ಕೇ ಅದು ಫಂಕ್ಷನ್. ಎರಡು ಬೇರೆ ದೂರಕ್ಕೆ ಒಂದೇ ದರ ಬರಬಹುದೇ? ಬರಬಹುದು, ಒಂದು ಕಿಲೋಮೀಟರಿಗೂ ಒಂದೂವರೆ ಕಿಲೋಮೀಟರಿಗೂ 36 ರೂಪಾಯಿಯೇ. ಹಾಗಾದರೆ ಅದು ಒನ್-ಒನ್ ಅಲ್ಲ. ಮೀಟರಿನ ಮೇಲೆ 30 ರೂಪಾಯಿ ಎಂದಾದರೂ ಕಾಣಿಸುತ್ತದೆಯೇ? ಇಲ್ಲ, ರೇಂಜ್ ಆರಂಭವಾಗುವುದೇ 36ರಿಂದ. ಗ್ರಾಫ್ ಹಾಳೆಯ ಮೇಲೆ ಬರೆಸಿ: ಸ್ವಲ್ಪ ದೂರ ಮಟ್ಟಸ, ಆಮೇಲೆ ಓರೆಯಾಗಿ ಮೇಲಕ್ಕೆ ಹೋಗುವ ಗೆರೆ.

ಈಗ ತಿರುಗಿಸಿ ಕೇಳಿ. ‘72 ರೂಪಾಯಿ ಕೊಟ್ಟೆ. ಎಷ್ಟು ದೂರ ಹೋಗಿರಬೇಕು?’ ಮಕ್ಕಳು 4 ಕಿಲೋಮೀಟರ್ ಎನ್ನುತ್ತಾರೆ. ‘36 ರೂಪಾಯಿ ಕೊಟ್ಟೆ. ಎಷ್ಟು ದೂರ?’ ಇಲ್ಲಿ ತರಗತಿ ನಿಲ್ಲುತ್ತದೆ. ಹೇಳಲಾಗುವುದಿಲ್ಲ ಎಂದು ಅವರೇ ಹೇಳಲಿ. ನೀವು ಹೇಳಿಬಿಡಬೇಡಿ. ಎರಡು ಕಿಲೋಮೀಟರಿನಿಂದ ಆಚೆಗಿನ ದೂರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಹಿಂದಕ್ಕೆ ಬರುವ ದಾರಿ ಉಂಟು ಎಂಬುದನ್ನೂ ಅವರೇ ಕಂಡುಕೊಳ್ಳಲಿ. ಇಷ್ಟು ಮಾಡಿಟ್ಟರೆ ಮುಂದಿನ ವರ್ಷ ಸೆಕೆಂಡ್ ಪಿಯುಸಿಯಲ್ಲಿ ಇನ್ವರ್ಸ್ ಟ್ರಿಗ್ನಾಮೆಟ್ರಿಕ್ ಫಂಕ್ಷನ್ ಬಂದಾಗ, ಸೈನ್ ಇನ್ವರ್ಸಿಗೆ ಮೈನಸ್ 90ರಿಂದ 90 ಡಿಗ್ರಿ ಎಂಬ ಬೇಲಿ ಯಾಕೆ ಎಂದು ಮಗು ಕೇಳುವುದಿಲ್ಲ. ಅರ್ಧ ಎಂಬ ಬೆಲೆ 30ಕ್ಕೂ ಬರುತ್ತದೆ, 150ಕ್ಕೂ ಬರುತ್ತದೆ, 390ಕ್ಕೂ ಬರುತ್ತದೆ. 36 ರೂಪಾಯಿಯ ತೊಡಕು ಇದೇ ಅಲ್ಲವೇ?

ಡೊಮೇನ್ ಎಂಬುದು ಮಕ್ಕಳಿಗೆ ಬರೀ ವಿಧಿಯಂತೆ ಆಗಿಬಿಟ್ಟಿದೆ. ಛೇದ ಸೊನ್ನೆಯಾಗಬಾರದು, ವರ್ಗಮೂಲದ ಒಳಗೆ ಋಣ ಸಂಖ್ಯೆ ಬರಬಾರದು, ಇಷ್ಟನ್ನು ಬರೆದು ಎರಡು ಅಂಕ ತೆಗೆದುಕೊಳ್ಳುತ್ತಾರೆ. ಅದಕ್ಕೊಂದು ಅರ್ಥ ಬರಬೇಕಾದರೆ ಒಂದು ಮೀಟರ್ ಉದ್ದದ ಕೋಲನ್ನು ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿ. ಹತ್ತನೇ ತರಗತಿಯಲ್ಲಿ ಗೋಪುರದ ನೆರಳಿನ ಲೆಕ್ಕ ಮಾಡಿದ ಮಕ್ಕಳೇ ಇವರು. ಅಲ್ಲಿ ಸೂರ್ಯನ ಕೋನ ಒಮ್ಮೆ 30, ಇನ್ನೊಮ್ಮೆ 60 ಎಂದು ಪುಸ್ತಕವೇ ಹೇಳಿಬಿಡುತ್ತಿತ್ತು. ಇಲ್ಲಿ ಕೋನ ಬದಲಾಗುತ್ತ ಹೋಗುತ್ತದೆ, ಅದರ ಜೊತೆ ನೆರಳೂ. ನೆರಳಿನ ಉದ್ದ ಎಂದರೆ ಸೂರ್ಯನ ಎತ್ತರದ ಕೋನದ ಕಾಟ್. ಬೆಂಗಳೂರಿನಲ್ಲಿ ಡಿಸೆಂಬರ್ 21ರಂದು ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತಿನಲ್ಲಿ, ಅಂದರೆ ಗಡಿಯಾರದಲ್ಲಿ ಸುಮಾರು 12 ಗಂಟೆ 20 ನಿಮಿಷಕ್ಕೆ, ಅವನ ಕೋನ ಹತ್ತಿರ ಹತ್ತಿರ 53.6 ಡಿಗ್ರಿ. ಕೋಲಿನ ನೆರಳು ಸುಮಾರು 74 ಸೆಂಟಿಮೀಟರ್, ಉತ್ತರಕ್ಕೆ ಚಾಚಿರುತ್ತದೆ. ಜೂನ್ 21ರಂದು ಅದೇ ಹೊತ್ತಿಗೆ ಸುಮಾರು 18 ಸೆಂಟಿಮೀಟರ್, ಅದೂ ದಕ್ಷಿಣಕ್ಕೆ. ಈ ನಡುವೆ ಏಪ್ರಿಲ್ 24-25ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದೇ. ಬೀದರಿನ ಮಕ್ಕಳು ಮೊದಲ ಸಲ ಅದನ್ನು ಕಾಣಬೇಕಾದರೆ ಮೇ ತಿಂಗಳವರೆಗೆ ಕಾಯಬೇಕು.

ಸೂರ್ಯ ಮುಳುಗುವಾಗ ಕೋನ ಸೊನ್ನೆಗೆ ಬರುತ್ತದೆ. ಆಗ ನೆರಳಿನ ಉದ್ದ ಎಷ್ಟು ಎಂದು ಕೇಳಿ. ಅದಕ್ಕೆ ಸಂಖ್ಯೆಯೇ ಇಲ್ಲ. ಕಾಟ್‌ನ ಡೊಮೇನಿನಲ್ಲಿ ಸೊನ್ನೆ ಇಲ್ಲ ಎಂದು ಪುಸ್ತಕ ಹೇಳುವುದು ಈ ಸಂಗತಿಯನ್ನೇ. ಚುರುಕಾದ ಮಗುವಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ: ದಿನಾಂಕ ಕೊಟ್ಟರೆ ನಡುಹಗಲಿನ ಸೂರ್ಯನ ಕೋನ ಸಿಗುತ್ತದೆ, ಕೋನ ಕೊಟ್ಟರೆ ನೆರಳು ಸಿಗುತ್ತದೆ. ಒಂದು ಫಂಕ್ಷನ್ನಿನ ಫಲವನ್ನು ಇನ್ನೊಂದರ ಬಾಯಿಗೆ ಕೊಟ್ಟಂತಾಯಿತು. ಕಾಂಪೊಸಿಷನ್ ಎಂದು ಅದಕ್ಕೆ ಹೆಸರಿಡಲು ಇನ್ನೊಂದು ವರ್ಷ ಕಾಯಬಹುದು, ಅರ್ಥಮಾಡಿಕೊಳ್ಳಲು ಕಾಯಬೇಕಿಲ್ಲ.

ಇನ್ನು ತ್ರಿಭುಜದಿಂದ ವೃತ್ತಕ್ಕೆ ದಾಟುವ ಜಾಗ. ಹೆಚ್ಚು ಮಕ್ಕಳು ಕಳೆದುಹೋಗುವುದು ಇಲ್ಲೇ ಎಂದು ನಾನು ನಂಬಿದ್ದೇನೆ. ನಿನ್ನೆಯವರೆಗೆ ಕೋನ ಎಂದರೆ 90ರ ಒಳಗೆ. ಇವತ್ತು ಬೋರ್ಡಿನ ಮೇಲೆ ಸೈನ್ 210° ಎಂದು ಬರೆಯುತ್ತಾರೆ. ತ್ರಿಭುಜದಲ್ಲಿ 210 ಡಿಗ್ರಿಯ ಕೋನ ಎಲ್ಲಿಂದ ಬರಬೇಕು? ಮಗುವಿನ ಈ ಅನುಮಾನ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ ‘ಆಲ್ ಸಿಲ್ವರ್ ಟೀ ಕಪ್ಸ್’ ಎಂಬ ಮಂತ್ರ ಕೊಟ್ಟು ಕಳಿಸುತ್ತೇವೆ. ಯಾವ ಪಾದದಲ್ಲಿ ಯಾವುದು ಧನ ಎಂದು ಮಗು ಹೇಳಲು ಕಲಿಯುತ್ತದೆ, ಯಾಕೆ ಎಂದು ಕೇಳುವುದನ್ನು ಬಿಡುತ್ತದೆ. ಆ ಬಿಟ್ಟದ್ದು ಮತ್ತೆ ಬರುವುದಿಲ್ಲ.

ಹೀಗೆ ಮಾಡಿ ನೋಡಿ. ಗ್ರಾಫ್ ಹಾಳೆಯ ಮೇಲೆ 10 ಸೆಂಟಿಮೀಟರ್ ತ್ರಿಜ್ಯದ ಕಾಲು ವೃತ್ತವನ್ನು ಮಕ್ಕಳೇ ಕೈವಾರದಿಂದ ಎಳೆಯಲಿ. ಕೋನಮಾಪಕವಿಟ್ಟು 15 ಡಿಗ್ರಿಗೊಂದರಂತೆ ವೃತ್ತದ ಮೇಲೆ ಚುಕ್ಕೆ ಇಡಲಿ. ಪ್ರತಿ ಚುಕ್ಕೆಯೂ ಅಡಿಗೆರೆಯಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆಯಲಿ. 2.6, 5, 7.1, 8.7, 9.7, 10 ಎಂದು ಬರುತ್ತದೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಆಗಲಿ. 30 ಡಿಗ್ರಿಗೆ ಸರಿಯಾಗಿ 5, ಅಂದರೆ ಹತ್ತರ ಅರ್ಧ. ಹಳೆಯ ತ್ರಿಭುಜ ಆ ವೃತ್ತದೊಳಗೇ ಕೂತಿದೆ, ತ್ರಿಜ್ಯವೇ ವಿಕರ್ಣ. ಹತ್ತನೇ ತರಗತಿಯ ವ್ಯಾಖ್ಯೆಯನ್ನು ಯಾರೂ ಕಸಿದುಕೊಂಡಿಲ್ಲ ಎಂದು ಮಗುವಿಗೆ ಖಾತ್ರಿಯಾಗುವುದು ಬಹಳ ಮುಖ್ಯ. ಆಮೇಲೆ ವೃತ್ತವನ್ನು ಪೂರ್ತಿ ಮಾಡಿಸಿ ಚುಕ್ಕೆಯನ್ನು 90 ದಾಟಿಸಿ. ಎತ್ತರ ಇಳಿಯತೊಡಗುತ್ತದೆ, 150ರಲ್ಲಿ 30ರ ಎತ್ತರವೇ. 180 ದಾಟಿದರೆ ಚುಕ್ಕೆ ಅಡಿಗೆರೆಯ ಕೆಳಗೆ ಹೋಗುತ್ತದೆ, 210ರಲ್ಲಿ ತ್ರಿಜ್ಯದ ಮೈನಸ್ ಅರ್ಧ. ಟೀ ಕಪ್ಪಿನ ಅಗತ್ಯ ಬೀಳಲಿಲ್ಲ. ಒಂದು ಸುತ್ತು ಮುಗಿದು ಚುಕ್ಕೆ ಮೊದಲಿನ ಜಾಗಕ್ಕೆ ಬಂದರೆ ಎತ್ತರಗಳೂ ಅದೇ ಕ್ರಮದಲ್ಲಿ ಮರಳುತ್ತವೆ. ಪೀರಿಯಡ್ ಎಂದರೆ ಇಷ್ಟೇ.

ಆ ಆರು ಎತ್ತರಗಳ ನಡುವಿನ ವ್ಯತ್ಯಾಸವನ್ನು ಬರೆಸಿ: 2.6, 2.4, 2.1, 1.6, 1, 0.3. ಕೋನ ಸಮಸಮನಾಗಿ ಏರಿತು, ಎತ್ತರ ಏರುವ ವೇಗ ಮಾತ್ರ ಕುಗ್ಗುತ್ತ ಬಂತು. ಇಲ್ಲಿ ಮಕ್ಕಳಿಗೆ ಆರ್ಯಭಟನ ಹೆಸರು ಹೇಳಿ. ಆದರೆ ಹೆಮ್ಮೆಗಾಗಿ ಒಂದು ಸಾಲು ಹೇಳಿ ಮುಂದೆ ಹೋಗಬೇಡಿ, ಅವನು ಮಾಡಿದ್ದನ್ನು ಅವರ ಕೈಯಿಂದ ಮಾಡಿಸಿ. 499ರ ಸುಮಾರಿನ ‘ಆರ್ಯಭಟೀಯ’ದಲ್ಲಿ ಅವನು ಕಾಲು ವೃತ್ತವನ್ನು 24 ಭಾಗ ಮಾಡಿದ. ಒಂದೊಂದು ಭಾಗ 225 ಕಲೆ, ಅಂದರೆ 225 ಮಿನಿಟು, ಅಂದರೆ ಮೂರು ಮುಕ್ಕಾಲು ಡಿಗ್ರಿ. ಎತ್ತರಗಳನ್ನು ಅವನು ಕೊಡಲಿಲ್ಲ. ಎತ್ತರಗಳ ವ್ಯತ್ಯಾಸಗಳನ್ನು, ಇಪ್ಪತ್ತನಾಲ್ಕನ್ನೂ, ಒಂದೇ ಪದ್ಯದಲ್ಲಿ ಕೊಟ್ಟ. 225, 224, 222, 219, 215, 210, 205, 199 ಎಂದು ಆರಂಭವಾಗಿ ಇಳಿಯುತ್ತ ಇಳಿಯುತ್ತ ಕೊನೆಗೆ 37, 22, 7. ಮೊದಲ ಎಂಟನ್ನು ಕೂಡಿಸಲು ಹೇಳಿ. 1719 ಬರುತ್ತದೆ. ಎಂಟು ಭಾಗವೆಂದರೆ 30 ಡಿಗ್ರಿ. ಆರ್ಯಭಟನ ತ್ರಿಜ್ಯ 3438. ಅದರ ಅರ್ಧ ಎಷ್ಟು? 1719. ಒಂದೂವರೆ ಸಾವಿರ ವರ್ಷದ ಹಿಂದಿನ ಕೋಷ್ಟಕದಿಂದ ಸೈನ್ 30° ಅರ್ಧ ಎಂಬುದು ಮಗುವಿನ ನೋಟ್‌ಬುಕ್ಕಿಗೆ ಬಂದು ಬೀಳುತ್ತದೆ.

3438 ಎಂಬ ವಿಚಿತ್ರ ಸಂಖ್ಯೆ ಯಾಕೆ, 1000 ಅಥವಾ 100 ಯಾಕಲ್ಲ? ಮಕ್ಕಳು ಕೇಳದಿದ್ದರೆ ನೀವೇ ಕೇಳಿ. ವೃತ್ತದ ಪರಿಧಿ 360 ಡಿಗ್ರಿ, ಅಂದರೆ 21600 ಕಲೆ. ಪರಿಧಿ 21600 ಆಗಿದ್ದರೆ ತ್ರಿಜ್ಯ ಎಷ್ಟಾಗಬೇಕು? ಪೈಯ ಎರಡರಷ್ಟರಿಂದ ಭಾಗಿಸಿ: 3438. ಬಾಗಿದ ಕಂಸವನ್ನೂ ನೆಟ್ಟಗಿನ ತ್ರಿಜ್ಯವನ್ನೂ ಅವನು ಒಂದೇ ಅಳತೆಗೋಲಿನಿಂದ ಅಳೆದ. ರೇಡಿಯನ್ನಿನ ಹಿಂದಿರುವ ವಿಚಾರ ಇದೇ. 3438 ಕಲೆಯನ್ನು 60ರಿಂದ ಭಾಗಿಸಿದರೆ 57.3 ಡಿಗ್ರಿ, ಒಂದು ರೇಡಿಯನ್. ‘ಡಿಗ್ರಿ ಇರುವಾಗ ರೇಡಿಯನ್ ಯಾಕೆ ಬೇಕು ಸರ್?’ ಎಂಬ ಪ್ರಶ್ನೆಗೆ ಉತ್ತರ ಕೋಷ್ಟಕದ ಮೊದಲ ಸಂಖ್ಯೆಯಲ್ಲಿದೆ. ಕಂಸ 225, ಅದರ ಎತ್ತರವೂ 225. ಕೋನ ಚಿಕ್ಕದಿದ್ದಾಗ ಸೈನ್ ಎಕ್ಸ್ ಹೆಚ್ಚುಕಡಿಮೆ ಎಕ್ಸ್‌ಗೇ ಸಮ. ಫಿಸಿಕ್ಸಿನಲ್ಲಿ ಲೋಲಕದ ಪಾಠ ಮಾಡುವಾಗ ಇದನ್ನು ಬಳಸುತ್ತಾರೆ, ಲಿಮಿಟ್ಸ್ ಅಧ್ಯಾಯದಲ್ಲಿ ತ್ರಿಕೋನಮಿತಿಯ ಲಿಮಿಟ್‌ಗಳೆಲ್ಲ ಇದರ ಮೇಲೇ ನಿಂತಿವೆ. ಡಿಗ್ರಿಯಲ್ಲಿ ಅಳೆದರೆ ಈ ಸಮತ್ವ ಸಿಗುವುದಿಲ್ಲ. ಮನೆಗೆ ಹೋಗಿ ಫೋನಿನ ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿ ಮೈನಸ್ 0.988 ಎಂದು ಬಂದದ್ದನ್ನು ಕಂಡು ಗಾಬರಿಯಾದ ಮಗುವಿಗೂ ಇದೇ ಸಮಾಧಾನ: ಫೋನು 30 ರೇಡಿಯನ್ ಎಂದು ತಿಳಿದುಕೊಂಡಿತ್ತು.

ಆರ್ಯಭಟನದು ಕೋಷ್ಟಕ. ಏಳನೆಯ ಶತಮಾನದ ಒಂದನೆಯ ಭಾಸ್ಕರ ಅದೇ ಕೆಲಸಕ್ಕೆ ಒಂದು ಸೂತ್ರ ಕೊಟ್ಟ. ಕೋನವನ್ನು 180ರಿಂದ ಕಳೆಯಿರಿ, ಬಂದದ್ದನ್ನು ಕೋನದಿಂದ ಗುಣಿಸಿ. ಆ ಗುಣಲಬ್ಧದ ನಾಲ್ಕರಷ್ಟನ್ನು, 40500ರಲ್ಲಿ ಅದೇ ಗುಣಲಬ್ಧವನ್ನು ಕಳೆದು ಉಳಿದದ್ದರಿಂದ ಭಾಗಿಸಿ. 30 ಹಾಕಿದರೆ ಗುಣಲಬ್ಧ 4500. 18000ವನ್ನು 36000ದಿಂದ ಭಾಗಿಸಿದರೆ ಸರಿಯಾಗಿ ಅರ್ಧ. 90ಕ್ಕೆ ಸರಿಯಾಗಿ ಒಂದು. 45ಕ್ಕೆ 0.7059, ಇರಬೇಕಾದದ್ದು 0.7071. ವರ್ಗಮೂಲವಿಲ್ಲ, ತ್ರಿಭುಜವಿಲ್ಲ, ಬರೀ ಕೂಡು-ಕಳೆ-ಗುಣಿಸು-ಭಾಗಿಸು, ಆದರೂ ಇಷ್ಟು ಹತ್ತಿರ. ಈಗ 270 ಹಾಕಿಸಿ. ಮೈನಸ್ ಒಂದೂವರೆ ಬರುತ್ತದೆ. ವೃತ್ತದ ಮೇಲಿನ ಚುಕ್ಕೆ ಮೈನಸ್ ಒಂದಕ್ಕಿಂತ ಕೆಳಗಿಳಿಯಲು ಸಾಧ್ಯವೇ ಇಲ್ಲವಲ್ಲ! ಸೂತ್ರ ತಪ್ಪಲ್ಲ. ಅದನ್ನು ಕೊಟ್ಟದ್ದು ಸೊನ್ನೆಯಿಂದ 180ರವರೆಗಿನ ಕೋನಗಳಿಗೆ, ನಾವು ಆಚೆ ಕೊಂಡೊಯ್ದೆವು. ಡೊಮೇನ್ ಏನು ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಜೊತೆಗೆ ಫಂಕ್ಷನ್ನಿಗೆ ಮೂರು ರೂಪ ಉಂಟೆಂದೂ ಮಗು ಕಂಡಿತು: ಕೋಷ್ಟಕ, ಸೂತ್ರ, ಗ್ರಾಫ್ ಹಾಳೆಯ ಮೇಲಿನ ಗೆರೆ.

ತಪ್ಪುಗಳ ಬಗ್ಗೆ ಒಂದು ಮಾತು. ಸೈನ್ ಎಕ್ಸ್‌ನ ಕೆಳಗೆ ಎಕ್ಸ್ ಇದ್ದರೆ ಎರಡು ಎಕ್ಸನ್ನೂ ಹೊಡೆದುಹಾಕಿ ‘ಸೈನ್’ ಎಂದು ಉತ್ತರ ಬರೆಯುವ ಮಗು ನಿಮ್ಮ ಬ್ಯಾಚಿನಲ್ಲೂ ಇದೆ. ಎಲ್ಲರೂ ನಗುವಂತೆ ಅದನ್ನು ಬೋರ್ಡಿನ ಮೇಲೆ ಬರೆಯಬೇಡಿ. ಆ ಮಗುವಿನ ಮಟ್ಟಿಗೆ ಸೈನ್ ಎಂಬುದು ಎಕ್ಸ್‌ನ ಪಕ್ಕ ಗುಣಾಕಾರವಾಗಿ ನಿಂತ ಇನ್ನೊಂದು ಅಕ್ಷರ. ಎಫ್ ಆಫ್ ಎಕ್ಸ್ ಎಂಬುದನ್ನು ಎಫ್ ಇಂಟು ಎಕ್ಸ್ ಎಂದು ಓದಿಕೊಂಡ ಮಗುವೂ ಅದೇ. ಎಕ್ಸ್ ವರ್ಗ ಎಂಬ ಫಂಕ್ಷನ್ ಕೊಟ್ಟು ಎಫ್ ಆಫ್ ಎಕ್ಸ್ ಪ್ಲಸ್ ಒನ್ ಕೇಳಿದರೆ ಎಕ್ಸ್ ವರ್ಗ ಪ್ಲಸ್ ಒಂದು ಎಂದು ಬರೆಯುವುದೂ, ಸೈನ್ ಆಫ್ ಎ ಪ್ಲಸ್ ಬಿ ಎಂದರೆ ಸೈನ್ ಎ ಪ್ಲಸ್ ಸೈನ್ ಬಿ ಎಂದು ಬರೆಯುವುದೂ ಒಂದೇ ಬೇರಿನಿಂದ ಬಂದವು. ಮೊದಲನೆಯದು ಫಂಕ್ಷನ್ ಅಧ್ಯಾಯದ ತಪ್ಪು, ಎರಡನೆಯದು ತ್ರಿಕೋನಮಿತಿಯ ತಪ್ಪು ಎಂದು ಬೇರೆ ಬೇರೆ ತಿದ್ದಿದರೆ ಎರಡೂ ಉಳಿದುಕೊಳ್ಳುತ್ತವೆ.

ತಿದ್ದುವ ದಾರಿ ಸಂಖ್ಯೆ ಹಾಕಿ ನೋಡುವುದು. ಎ 90, ಬಿ 90 ಎಂದಿಟ್ಟುಕೊಳ್ಳಲಿ. ಕೂಡಿಸಿದರೆ ಸೈನ್ 180°, ಸೊನ್ನೆ. ಮಗುವಿನ ಸೂತ್ರ ಎರಡು ಎನ್ನುತ್ತದೆ. ಸೈನ್ ಸ್ಕ್ವೇರ್ ಎಕ್ಸ್‌ಗೂ ಸೈನ್ ಆಫ್ ಎಕ್ಸ್ ಸ್ಕ್ವೇರ್‌ಗೂ ವ್ಯತ್ಯಾಸವೇನು? 30 ಡಿಗ್ರಿ ಹಾಕಿ: ಮೊದಲನೆಯದು ಕಾಲು, ಎರಡನೆಯದು ಸೈನ್ 900°, ಎರಡು ಸುತ್ತು ಕಳೆದರೆ ಸೈನ್ 180°, ಸೊನ್ನೆ. ಯಾರೂ ಹೇಳದೆಯೇ ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳುವ ಅಭ್ಯಾಸ ಮಗುವಿಗೆ ಅಂಟಿದರೆ ಟ್ಯೂಷನ್ನಿನ ಅರ್ಧ ಕೆಲಸ ಆಯಿತು.

ಸೂತ್ರಗಳ ಆ ಎರಡು ಪುಟಕ್ಕೆ ಬರುತ್ತೇನೆ. ಕಾಸ್ ಆಫ್ ಎ ಮೈನಸ್ ಬಿ ಒಂದನ್ನು ಸಾಧಿಸಿ ತೋರಿಸಿ. ಇಪ್ಪತ್ತು ನಿಮಿಷ ಸಾಕು. ಒಂದು ತ್ರಿಜ್ಯದ ವೃತ್ತದ ಮೇಲೆ ಎ ಕೋನದಲ್ಲೊಂದು, ಬಿ ಕೋನದಲ್ಲೊಂದು ಚುಕ್ಕೆ. ಹತ್ತನೇ ತರಗತಿಯ ದೂರ ಸೂತ್ರದಿಂದ ಅವೆರಡರ ನಡುವಿನ ದೂರದ ವರ್ಗ ತೆಗೆಯಲಿ. ಆಮೇಲೆ ಇಡೀ ವೃತ್ತವನ್ನು ಬಿ ಚುಕ್ಕೆ ಅಡಿಗೆರೆಗೆ ಬರುವಂತೆ ತಿರುಗಿಸಿ, ಮತ್ತೆ ದೂರ ತೆಗೆಯಲಿ. ತಿರುಗಿಸಿದ ಮಾತ್ರಕ್ಕೆ ದೂರ ಬದಲಾಗುವುದಿಲ್ಲ. ಎರಡನ್ನೂ ಸಮ ಮಾಡಿದರೆ ಸೂತ್ರ ಹೊರಗೆ ಬರುತ್ತದೆ. ಬಿ ಜಾಗಕ್ಕೆ ಮೈನಸ್ ಬಿ ಹಾಕಿದರೆ ಕಾಸ್ ಆಫ್ ಎ ಪ್ಲಸ್ ಬಿ. 90ರಿಂದ ಕಳೆದರೆ ಸೈನ್ ಸೂತ್ರಗಳು. ಎ, ಬಿ ಎರಡೂ ಒಂದೇ ಎಂದರೆ ಟೂ-ಎ ಸೂತ್ರಗಳು. ಕೂಡಿಸಿ ಕಳೆದರೆ ಉಳಿದವೆಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಸೂತ್ರ ಮರೆತುಹೋದರೆ ಉರು ಹೊಡೆದ ಮಗು ಅಳುತ್ತದೆ. ಇದನ್ನು ಕಂಡ ಮಗು ಹಾಳೆ ತೆಗೆದುಕೊಂಡು ಕೂರುತ್ತದೆ.

ಕಾಲೇಜಿನಲ್ಲಿ ಇನ್ನೊಂದು ತೊಂದರೆ ಇದೆ. ಗಣಿತದವರು ತ್ರಿಕೋನಮಿತಿಗೆ ಬರುವ ಮೊದಲೇ ಫಿಸಿಕ್ಸಿನವರಿಗೆ ಅದು ಬೇಕಾಗುತ್ತದೆ. ವೆಕ್ಟರ್, ಪ್ರೊಜೆಕ್ಟೈಲ್ ಪಾಠಗಳಲ್ಲಿ ಸೈನ್, ಕಾಸ್ ಇಲ್ಲದೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಬೇರೆ ಬೇರೆ ಅಧ್ಯಾಪಕರು ಇದನ್ನು ಹೊಂದಿಸಲಾರರು, ನೀವು ಹೊಂದಿಸಬಲ್ಲಿರಿ. 30 ಡಿಗ್ರಿಯಲ್ಲಿ ಎಸೆದ ಚೆಂಡೂ 60 ಡಿಗ್ರಿಯಲ್ಲಿ ಅದೇ ವೇಗದಿಂದ ಎಸೆದ ಚೆಂಡೂ ಒಂದೇ ದೂರ ಹೋಗಿ ಬೀಳುತ್ತವೆ ಎಂದು ಫಿಸಿಕ್ಸ್ ಪುಸ್ತಕದಲ್ಲಿದೆ. ಯಾಕೆಂದರೆ ಆ ದೂರ ನಿಂತಿರುವುದು ಕೋನದ ಎರಡರಷ್ಟರ ಸೈನ್ ಮೇಲೆ, ಸೈನ್ 60° ಮತ್ತು ಸೈನ್ 120° ಒಂದೇ. ಮತ್ತೆ ಅದೇ ಒನ್-ಒನ್ ಅಲ್ಲದ ಫಂಕ್ಷನ್.

ತಂದೆತಾಯಿಗಳ ಒತ್ತಡ ನನಗೆ ಗೊತ್ತಿಲ್ಲದ್ದಲ್ಲ. ‘ಪಕ್ಕದ ಕೋಚಿಂಗಿನಲ್ಲಿ ಆಗಲೇ ಶಾರ್ಟ್‌ಕಟ್ ಕೊಟ್ಟಿದ್ದಾರಂತೆ, ನೀವಿನ್ನೂ ವೃತ್ತ ಬರೆಸುತ್ತಿದ್ದೀರಂತೆ’ ಎನ್ನುತ್ತಾರೆ. ಸಿಇಟಿಯಲ್ಲಿ ಗಣಿತಕ್ಕೆ 80 ನಿಮಿಷಕ್ಕೆ 60 ಪ್ರಶ್ನೆ. ವೇಗ ಬೇಕು, ಅಲ್ಲಗಳೆಯುವುದಿಲ್ಲ. ಆದರೆ ವೇಗದ ಅಭ್ಯಾಸಕ್ಕೆ ಸೆಕೆಂಡ್ ಪಿಯುಸಿಯ ಇಡೀ ವರ್ಷ ಉಂಟು. ಫಸ್ಟ್ ಪಿಯುಸಿಯ ಜೂನ್-ಜುಲೈಯಲ್ಲೇ ಶಾರ್ಟ್‌ಕಟ್ ಕಲಿತ ಮಗುವಿಗೆ ಪ್ರಶ್ನೆ ಸ್ವಲ್ಪ ತಿರುಚಿದರೂ ಕೈ ಓಡುವುದಿಲ್ಲ. ಪೋಷಕರಿಗೆ ಇದನ್ನು ನೇರವಾಗಿ ಹೇಳುವ ಧೈರ್ಯ ಮಾಡಿ. ಮನೆಪಾಠದಲ್ಲಿ ಆರೇಳು ಮಕ್ಕಳಷ್ಟೇ ಇರುವುದು ನಿಮಗಿರುವ ದೊಡ್ಡ ಅನುಕೂಲ. ಕಿಕ್ಕಿರಿದ ಸೆಕ್ಷನ್ನಿಗೆ ಪಾಠ ಮಾಡುವ ಲೆಕ್ಚರರ್ ಒಂದೊಂದು ಮಗುವನ್ನೂ ಬೋರ್ಡಿಗೆ ಕರೆದು ‘ನೀನು ಹೇಳು’ ಎನ್ನಲಾರರು. ಆ ಅನುಕೂಲವನ್ನು ಬಿಟ್ಟು ಕಾಲೇಜಿನ ಪಾಠವನ್ನೇ ಇನ್ನೊಮ್ಮೆ ಒಪ್ಪಿಸಿದರೆ ಮಗು ಕೊಟ್ಟ ಸಂಜೆ ದಂಡವಾಯಿತು. ನೀವು ಕಡಿಮೆ ಮಾತಾಡಿ. ಚಾಕ್ ಪೀಸ್ ಮಕ್ಕಳ ಕೈಯಲ್ಲಿರಲಿ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ವಿಷಯದಲ್ಲಿ ನನ್ನ ಆತಂಕ ಹೆಚ್ಚು. ವಿಜ್ಞಾನ ವಿಭಾಗದ ಪಾಠ, ಪುಸ್ತಕ ಅವರಿಗೆ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ತ್ರಿಕೋನಮಿತಿಯನ್ನು ಚೆನ್ನಾಗಿ ಬಲ್ಲ ಹುಡುಗಿ, ಬೋರ್ಡಿನ ಮೇಲಿನ ಪದಗಳು ಹೊಸವಾದ್ದರಿಂದ ತನಗೆ ಗಣಿತವೇ ಬಾರದು ಎಂದುಕೊಳ್ಳುತ್ತಾಳೆ. ತರಗತಿಯಲ್ಲಿ ಕೈ ಎತ್ತುವುದಿಲ್ಲ, ಹಿಂದಿನ ಬೆಂಚಿಗೆ ಸರಿಯುತ್ತಾಳೆ, ಕೆಲವರು ದಸರಾ ರಜೆಗೆ ಮುಂಚೆಯೇ ವಿಭಾಗ ಬದಲಿಸಲು ಅರ್ಜಿ ಹಿಡಿದು ಆಫೀಸಿನ ಮುಂದೆ ನಿಲ್ಲುತ್ತಾರೆ. ಆ ಹುಡುಗಿಗೆ ಸಂಜೆ ಕನ್ನಡದಲ್ಲಿ ಯೋಚಿಸಲು ಬಿಡಿ. ವಿವರಣೆ ಅವಳ ಮಾತಿನಲ್ಲಿ ಬರಲಿ, ಬರವಣಿಗೆ ಪರೀಕ್ಷೆಗೆ ಬೇಕಾದ ಪದಗಳಲ್ಲಿ ಆಗಲಿ. ಮೊದಮೊದಲು ಎರಡೂ ಅಕ್ಕಪಕ್ಕ ಇರಲಿ. ಮೂರ್ನಾಲ್ಕು ತಿಂಗಳಲ್ಲಿ ಅವಳಿಗೆ ಆ ಆಸರೆ ಬೇಕಾಗುವುದಿಲ್ಲ.

ಇಂಥ ಮಕ್ಕಳ ಮನೆಯಲ್ಲಿ ಟ್ಯೂಷನ್ ಫೀಸಿಗೆ ಹಣ ಇರುವುದಿಲ್ಲ ಎಂಬುದು ನಿಮಗೂ ಗೊತ್ತು. ನಿಮ್ಮದೂ ಅನುಕೂಲಸ್ಥ ಬದುಕೇನಲ್ಲ. ಎಷ್ಟೋ ಮಂದಿ ಈ ಫೀಸಿನಿಂದಲೇ ನಿಮ್ಮ ಕಾಲೇಜಿನ ಶುಲ್ಕ ಕಟ್ಟುತ್ತೀರಿ. ಆದರೂ ಕೇಳುತ್ತಿದ್ದೇನೆ. ಹತ್ತಿರದ ಸರ್ಕಾರಿ ಪಿಯು ಕಾಲೇಜಿಗೆ ಈ ವಾರವೇ ಹೋಗಿ, ಗಣಿತದ ಲೆಕ್ಚರರ್ ಅವರನ್ನು ಕಂಡು, ಕನ್ನಡ ಮಾಧ್ಯಮದಿಂದ ಬಂದು ಹೆದರಿ ಕೂತಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೇಳಿ ಪಡೆಯಿರಿ. ನಿಮ್ಮ ಬ್ಯಾಚಿನಲ್ಲಿ ಆ ಒಂದು ಮಗುವಿಗೆ ಫೀಸಿಲ್ಲದೆ ಜಾಗ ಕೊಡಿ, ಮುಂದಿನ ಸಾಲಿನಲ್ಲೇ ಕೂರಿಸಿ. ಆಗಸ್ಟ್ ಕಳೆಯುವ ಮೊದಲು ಇದಾಗಬೇಕು.